ಮಠದ ಓಣಿಯ ಜೋಳಕ್ಕೆ ನಮ್ಮ ಅಣ್ಣನ ಕವಣೆ

ಜೋಳಕ್ಕೆ ಹಾಲು ತುಂಬಿತೆಂದರೆ ನಮ್ಮೂರ ಸಾಲಿ ತಾನಾಗಿಯೇ ಖಾಲಿಯಾಗುತ್ತಿದ್ದ ಕಾಲ ಅದು. ಮಾಸ್ತರರು ಹಾಜರಿ ಕೂಗಿದರೆ ಗೋಡೆಯ ಮೇಲಿನ ಹಲ್ಲಿ ಮಾತ್ರ ಲೊಚಗುಡುತ್ತಿತ್ತು. ಹುಡುಗರು, ಹುಡುಗಿಯರು ಎಲ್ಲರೂ ಹೊಲದಲ್ಲಿ. ನಾಲ್ಕು ಕಂಬ ನೆಟ್ಟು ಮೇಲೆ ಹಲಗೆ ಕಟ್ಟಿದ ಮಂಚಿಗೆ ಹತ್ತಿ, ಪುಂಡಿ ನಾರಿನ ಕವಣೆ ಹಿಡಿದು, ತೆನೆಗೆ ಬರುವ ಹಕ್ಕಿಗಳನ್ನು ಕಾಯುವುದು ನಮ್ಮ ಕೆಲಸ. ನಾನು ಸಾಲಿ ಬಿಟ್ಟದ್ದೂ ಹಾಗೆಯೇ. ಒಂದು ಸುಗ್ಗಿಗೆಂದು ಹೋದವಳು ತಿರುಗಿ ಹೋಗಲೇ ಇಲ್ಲ. ಅದಕ್ಕೇ ನನ್ನ ಬರಹ ಸೊಟ್ಟ. ತಿದ್ದಿಕೊಂಡು ಓದಿರಿ.

ಈ ವಯಸ್ಸಿನಲ್ಲಿ ಬರೆಯಲು ಕೂತದ್ದು ಸಂತೋಷ ತಡೆಯಲಾರದೆ. ನನ್ನ ಮೊಮ್ಮಗಳು ಸವಿತಾ ಪೊಲೀಸ್ ಆಗಿದ್ದಾಳೆ, ಸಿಂದಗಿ ಕಡೆ ಡ್ಯೂಟಿ. ಖಾಕಿ ಹಾಕಿಕೊಂಡು ಅವಳು ಅಂಗಳಕ್ಕೆ ಬಂದ ದಿನ ಓಣಿಯ ತುಂಬ ಸಕ್ಕರೆ ಹಂಚಿದೆ. ಮೊಣಕಾಲು ನೋವು ಮರೆತು ಕುಣಿದೆ ಎಂದರೂ ಸುಳ್ಳಲ್ಲ. ಅವಳ ಟೊಪ್ಪಿಗೆಯನ್ನು ಮುಟ್ಟಿ ಮುಟ್ಟಿ ನೋಡಿದೆ, ನೆಟಿಕೆ ಮುರಿದೆ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಪೊಲೀಸರನ್ನು ಕಂಡರೆ ನನಗಾಗುವುದಿಲ್ಲ. ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಮೊಮ್ಮಗಳ ಖಾಕಿ ನೋಡಿ ಕಣ್ಣು ತುಂಬಿದಾಗಲೂ ಹೊಟ್ಟೆಯೊಳಗಿನ ಹಳೆಯ ಸಿಟ್ಟು ಮಗ್ಗುಲು ಬದಲಿಸಿತು.

ನಮ್ಮೂರು ಇಂಡಿ ತಾಲೂಕಿನದು, ಝಳಕಿ ರಸ್ತೆಯಿಂದ ಒಳಗೆ. ಎರಡೇ ಓಣಿ. ನಮ್ಮದು ಅಗಸಿ ಓಣಿ, ಅವರದು ಮಠದ ಓಣಿ. ಊರ ಕೆಳಗೆ ಒಂದು ಹಳ್ಳ. ಹಳ್ಳದ ಈ ದಂಡೆಗೆ ನಮ್ಮ ಹೊಲಗಳು, ಆ ದಂಡೆಗೆ ಅವರವು. ಯಾವ ಕಾಲದಲ್ಲೋ ಒಂದು ಬಂಡಿ ದಾರಿಗಾಗಿ ಹಿರಿಯರು ಜಗಳಾಡಿದ್ದರಂತೆ. ಆ ದಾರಿ ಮುಚ್ಚಿಹೋಗಿ ಅಲ್ಲಿ ಜಾಲಿ ಬೆಳೆದಿತ್ತು, ಜಗಳ ಮಾತ್ರ ಮುಚ್ಚಿರಲಿಲ್ಲ. ಹಿರಿಯರು ಮಾತು ಬಿಟ್ಟಿದ್ದರು, ಮಕ್ಕಳು ನಾವು ಕಲ್ಲು ಹಿಡಿದಿದ್ದೆವು.

ಹೊತ್ತು ಮುಳುಗುವಾಗ ಗುಬ್ಬಿ, ಗಿಳಿಗಳು ಗೂಡಿಗೆ ತಿರುಗುತ್ತಿದ್ದವು. ಆಗ ಹಳ್ಳದ ಎರಡೂ ದಂಡೆಗೆ ಹುಡುಗರು ಸಾಲಾಗಿ ನಿಲ್ಲುತ್ತಿದ್ದರು.

“ಎಲಾ ಮಠದ ಮಂಗ್ಯಾಗೋಳ, ಬರ್ರಿ ಹೊರಗ!”

“ಅಗಸಿ ನಾಯಿಗೋಳ, ಬೊಗಳ್ರಿ, ಬೊಗಳ್ರಿ! ನಿಮ್ಮ ಕಲ್ಲು ಹಳ್ಳಾ ದಾಟಂಗಿಲ್ಲ!”

ದಾಟುತ್ತಿತ್ತು. ನನ್ನ ಅಣ್ಣ ಬಸಣ್ಣನ ಕವಣೆಯದಂತೂ ಹಳ್ಳ ದಾಟಿ, ಬದು ದಾಟಿ ಹೋಗಿ ಬೀಳುತ್ತಿತ್ತು. ತಲೆಯ ಮೇಲೆ ಕವಣೆ ತಿರುಗುವಾಗ ಬರುತ್ತಿದ್ದ ಗುಂಯ್ ಎನ್ನುವ ಸದ್ದು, ಬಿಟ್ಟಾಗ ಚಟ್ಟೆನ್ನುವ ಸಿಡಿತ, ಇಂದಿಗೂ ಕಿವಿಯಲ್ಲಿದೆ. ನಾನು ಅವನಿಗೆ ಹಳ್ಳದಿಂದ ಕಲ್ಲು ಆಯ್ದು ಉಡಿ ತುಂಬಿಕೊಂಡು ಬಂದು ಕೊಡುತ್ತಿದ್ದೆ. ನನ್ನ ಬಾಯಲ್ಲೂ ಬೈಗುಳ ತುಂಬಿರುತ್ತಿತ್ತು.

ಒಂದು ಸಂಜೆ ಮಠದ ಓಣಿಯ ಸಿದ್ಯಾನ ಹಣೆ ಒಡೆಯಿತು. ಆಕಾಶದ ತುಂಬ ಕಲ್ಲು ಹಾರಾಡುತ್ತಿದ್ದವು. ಯಾರದು ಬಡಿಯಿತೋ ಆ ದೇವರೇ ಬಲ್ಲ. ಆದರೆ ಊರಲ್ಲಿ ಚಲೋ ಕವಣೆ ಬೀಸುವವನು ಬಸಣ್ಣ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಸಿದ್ಯಾನ ಅಪ್ಪ ಗುರಪ್ಪ ಮಗನ ತಲೆಗೆ ಪಂಜೆ ಸುತ್ತಿ, ಮರುದಿನ ಬೆಳಗ್ಗೆಯೇ ಪೊಲೀಸ್ ಠಾಣೆಯ ಕಟ್ಟೆಗೆ ಹೋಗಿ ಕೂತ. ಮಧ್ಯಾಹ್ನದ ಹೊತ್ತಿಗೆ ಸೈಕಲ್ ತುಳಿದುಕೊಂಡು ಹವಾಲ್ದಾರ ಬಂದ.

ಅವನು ನಮ್ಮ ಸೀಮೆಯವನಲ್ಲ. ಭತ್ತ ಬೆಳೆಯುವ ಕಡೆಯವನು, ಹೊಸದಾಗಿ ವರ್ಗವಾಗಿ ಬಂದಿದ್ದ. ಮಾತು ಮೆತ್ತಗೆ, ಮೀಸೆ ದಪ್ಪ. ಎರಡೂ ಓಣಿಯವರನ್ನು ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಕರೆಸಿದ. ಗುರಪ್ಪ ಮುಂದೆ ಬಂದು ನಿಂತ.

“ಸಾಹೇಬ್ರ, ಈ ಬಸ್ಯಾನ್ನ ಬಿಜಾಪುರದ ಹುಡುಗರ ಜೇಲಿಗೆ ಹಾಕ್ರಿ. ಹಾಕೂತನಕ ನಾ ಠಾಣೆದ ಕಟ್ಟಿ ಬಿಡಂಗಿಲ್ಲ.”

ನಮ್ಮ ಅವ್ವ ಸೆರಗು ಕಚ್ಚಿಕೊಂಡಳು. ಹುಡುಗರ ಜೇಲಿನಿಂದ ತಿರುಗಿ ಬಂದ ಒಬ್ಬ ಹುಡುಗನನ್ನು ನಾವು ಪಕ್ಕದೂರಿನಲ್ಲಿ ಕಂಡಿದ್ದೆವು. ತಲೆ ಬೋಳಿಸಿದ್ದರು. ಯಾರ ಕೂಡವೂ ಮಾತಾಡುತ್ತಿರಲಿಲ್ಲ, ಕರೆದರೆ ಮಾತ್ರ ತಟ್ಟನೆ ಎದ್ದು ನಿಲ್ಲುತ್ತಿದ್ದ. ನನ್ನ ಅಣ್ಣನೂ ಹಾಗೆ ಎದ್ದು ನಿಲ್ಲುವುದನ್ನು ನೆನೆದು ನಾನು ಅವನ ಅಂಗಿಯ ತುದಿ ಹಿಡಿದುಕೊಂಡೆ.

ಹವಾಲ್ದಾರ ಅಣ್ಣನನ್ನು ನೋಡಿದ. “ಏನಪ್ಪ, ನೀನೇನಾ ಹೊಡೆದದ್ದು?”

“ಗೊತ್ತಿಲ್ರಿ,” ಎಂದ ಅಣ್ಣ. “ನಂದಾಗಿದ್ರ ಅವ ಎದ್ದು ನಿಂದರ್ತಿದ್ದಿಲ್ಲ.”

ಅಗಸಿ ಓಣಿಯವರು ನಕ್ಕರು. ಅವ್ವ ಅಣ್ಣನ ಬೆನ್ನಿಗೆ ಗುದ್ದಿದಳು. ಹವಾಲ್ದಾರ ನಗಲಿಲ್ಲ. “ಇನ್ನೊಂದು ಕಲ್ಲು ಯಾರ ಮೇಲೆ ಬಿದ್ದರೂ ಬಿಜಾಪುರಕ್ಕೆ ಮೊದಲು ಹೋಗುವವನು ನೀನೇ, ತಿಳಿದುಕೋ,” ಎಂದ. ಆಮೇಲೆ ಮನೆ ಮನೆ ಹೊಕ್ಕು ಎರಡೂ ಓಣಿಯ ಕವಣೆಗಳನ್ನೆಲ್ಲ ಕಸಿದು, ಗೋಣಿಚೀಲಕ್ಕೆ ತುಂಬಿ, ಸೈಕಲ್ ಹಿಂದೆ ಕಟ್ಟಿಕೊಂಡು ಹೋಗೇಬಿಟ್ಟ. ನಾವು ಅವನ ಬೆನ್ನಿಗೆ ಉಗುಳಿದೆವು. ಹಾವು ಕಚ್ಚಲಿ ಎಂದೆವು, ಟೈರು ಪಂಕ್ಚರ್ ಆಗಲಿ ಎಂದೆವು. ಹಿರಿಯರು ನಮ್ಮನ್ನು ಒಳಗೆ ಎಳೆದುಕೊಂಡರು. ಖಾಕಿ ಎಂದರೆ ಆಗ ಊರಿಗೆ ಊರೇ ಹೆದರುತ್ತಿತ್ತು.

ಭತ್ತದ ಸೀಮೆಯ ಆ ಮನುಷ್ಯನಿಗೆ ಕವಣೆಯೆಂದರೆ ಬಡಿದಾಡುವ ಆಯುಧ ಅಷ್ಟೇ. ಕುರ್ಪಿ, ಕುಡುಗೋಲಿನ ಹಾಗೆ ಅದೂ ಹೊಲದ ಸಾಮಾನು ಎಂದು ಅವನಿಗೆ ಯಾರು ಹೇಳಬೇಕು? ಮರುದಿನ ಬೆಳಗಾಗುವುದರೊಳಗೆ ಹಕ್ಕಿಗಳಿಗೆ ಸುದ್ದಿ ಮುಟ್ಟಿತ್ತು. ಮೋಡದ ಹಾಗೆ ಬಂದು ಕೂತವು. ನಾವು ಡಬ್ಬಿ ಬಡಿದೆವು, ಮಣ್ಣಿನ ಹೆಂಟೆ ಎಸೆದೆವು, ‘ಹೋ, ಹೋಯ್’ ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಹೆಂಟೆ ಎಷ್ಟು ದೂರ ಹೋದೀತು? ಹೊಲದ ನಡುವಿನ ತೆನೆಗಳೆಲ್ಲ ಬರಿದಾಗತೊಡಗಿದವು. ಆ ದಂಡೆಯಲ್ಲೂ ಅದೇ ಗೋಳು. ಅವರ ತೆನೆ ಹೋಗುವುದನ್ನು ನೋಡಿ ನಮಗೆ ಸಂತೋಷ, ನಮ್ಮದನ್ನು ನೋಡಿ ಅವರಿಗೆ.

ಕೆಲವು ದಿನಕ್ಕೆ ಊರು ಶಾಂತವಾಗಿದೆಯೋ ಇಲ್ಲವೋ ನೋಡಲು ಹವಾಲ್ದಾರ ಮತ್ತೆ ಬಂದ. ಅವ್ವ ಹೊಲದ ಬದುವಿನ ಮೇಲೆ ಅವನ ಸೈಕಲ್ಲಿಗೆ ಅಡ್ಡ ನಿಂತಳು. ಜೇಲಿಗೆ ಹೆದರಿದವಳು ಜೋಳ ಹೋಗುವುದನ್ನು ಕಂಡು ಹೆದರಿಕೆ ಬಿಟ್ಟಿದ್ದಳು.

“ಬರ್ರಿ ಸಾಹೇಬ್ರ, ಬರ್ರಿ. ನಿಮ್ಮ ಸರಕಾರದ ಹಕ್ಕಿ ಹ್ಯಾಂಗ ಉಣ್ಣಾಕತ್ತಾವ ನೋಡ್ರಿ. ಹುಡುಗರ ಮ್ಯಾಲೆ ಕೇಸ್ ಹಾಕ್ತೀರಿ, ಈ ಗುಬ್ಬಿಗೋಳ ಮ್ಯಾಲೆ ಯಾವಾಗ ಹಾಕ್ತೀರಿ?”

“ಏನಮ್ಮ, ಏನಾಯಿತು?”

“ಏನಾಗೈತಿ? ಕವಣಿ ಒಯ್ದು ಕೋಣ್ಯಾಗ ಇಟಗೊಂಡೀರಿ. ನಾಳಿ ನನ್ನ ಮಕ್ಕಳಿಗೆ ನಿಮ್ಮ ಲಾಠಿ ಕುದಿಸಿ ಹಾಕ್ಲೇನು?”

ಹವಾಲ್ದಾರ ಬೂಟು ಕಳಚಿ ನಮ್ಮ ಮಂಚಿಗೆ ಹತ್ತಿದ. ಮೇಲೆ ನಿಂತು ಎರಡೂ ದಂಡೆ ನೋಡಿದ. ಬಹಳ ಹೊತ್ತು ಇಳಿಯಲೇ ಇಲ್ಲ. ಇಳಿದಾಗ ಮುಖ ಸಣ್ಣದಾಗಿತ್ತು. ಮರುದಿನ ಗೋಣಿಚೀಲ ತಿರುಗಿ ಬಂತು. ಬರುವಾಗ ಒಂದು ಷರತ್ತನ್ನೂ ಕಟ್ಟಿಕೊಂಡು ಬಂದಿತ್ತು.

“ಕವಣೆ ಕೊಡುತ್ತೇನೆ,” ಎಂದ. “ಆದರೆ ಅಗಸಿ ಓಣಿಯ ಹುಡುಗರು ಮಠದ ಓಣಿಯ ಹೊಲ ಕಾಯಬೇಕು. ಅವರು ನಿಮ್ಮದು ಕಾಯಬೇಕು. ಬಸಣ್ಣ ಹೋಗುವುದು ಗುರಪ್ಪನ ಹೊಲಕ್ಕೆ. ಗುರಪ್ಪನ ಮಗ ಸಿದ್ದಪ್ಪ ಬಸಣ್ಣನ ಹೊಲಕ್ಕೆ. ಒಪ್ಪದವರಿಗೆ ಕವಣೆ ಇಲ್ಲ.”

ಊರು ಹೊತ್ತಿ ಉರಿಯಿತು. ಗುರಪ್ಪನಂತೂ ಮಣ್ಣು ತೂರಿದ. “ನನ್ನ ಮಗನ ಹಣಿ ಒಡದಾಂವ ನನ್ನ ಜ್ವಾಳ ಕಾಯ್ತಾನೇನ್ರಿ? ಹಕ್ಕಿಗೆ ಎಲಿ ಹಾಕಿ ಬಡಸ್ತಾನ!” ನಮ್ಮ ಅಪ್ಪನೂ ಅದೇ ಮಾತನ್ನು ಸಿದ್ಯಾನ ಮೇಲೆ ಹೇಳಿದ. ಆ ವೈರಿಗಳಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು. ಕಡೆಗೆ ಬೇರೆ ದಾರಿಯಿಲ್ಲದೆ ಒಪ್ಪಿದರು.

ಮೊದಲ ದಿನ ಅಣ್ಣನ ಜೊತೆ ನಾನೂ ಹಳ್ಳ ದಾಟಿ ಹೋದೆ. ಅಣ್ಣ ಗುರಪ್ಪನ ಮಂಚಿಗೆ ಹತ್ತಿ, ಕವಣೆಯನ್ನು ಮಡಚಿ ತೊಡೆಯ ಕೆಳಗಿಟ್ಟು, ಕೈ ಕಟ್ಟಿ ಕೂತ. ಗುಬ್ಬಿಗಳು ಬಂದವು, ಗಿಳಿಗಳು ಬಂದವು. ಅವನು ಅಲ್ಲಾಡಲಿಲ್ಲ.

“ಅಣ್ಣಾ, ಹೊಡಿಯೋ. ಹವಾಲ್ದಾರ ನೋಡಿದ್ರ ಬಿಜಾಪುರಕ್ಕ ಒಯ್ತಾನ.”

“ಒಯ್ಯಲಿ. ಈ ಮಠದವರ ಜ್ವಾಳಕ್ಕ ನನ್ನ ಕವಣಿ ತಿರುಗಂಗಿಲ್ಲ.”

ನಾನು ನಮ್ಮ ದಂಡೆಯ ಕಡೆ ನೋಡಿದೆ. ನಮ್ಮ ಮಂಚಿಗೆಯ ಮೇಲೆ ತಲೆಗೆ ಪಟ್ಟಿ ಕಟ್ಟಿಕೊಂಡ ಸಿದ್ಯಾ, ಅವನೂ ಕೈ ಕಟ್ಟಿ ಕೂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸುತ್ತ, ತಂತಮ್ಮ ಮನೆಯ ಜೋಳ ಹೋಗುವುದನ್ನು ನೋಡುತ್ತ, ಹಲ್ಲು ಕಚ್ಚಿಕೊಂಡಿದ್ದರು. ನಾನು ಅಳತೊಡಗಿದೆ. ಜೋಳಕ್ಕಲ್ಲ. ಅಣ್ಣ ಬೋಳು ತಲೆಯಲ್ಲಿ ಎದ್ದು ನಿಲ್ಲುವುದು ಕಣ್ಣ ಮುಂದೆ ಬಂದಿತ್ತು.

ಹೊತ್ತು ನೆತ್ತಿಗೆ ಬಂದಾಗ ಸಿದ್ಯಾನ ಅಜ್ಜಿ ಬುತ್ತಿ ಹೊತ್ತು ಬಂದಳು. ಬಾಗಿದ ಮುದುಕಿ. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಮಂಚಿಗೆಯ ಕೆಳಗೆ ನಿಂತು ಮೊದಲು ತೆನೆ ನೋಡಿದಳು, ಆಮೇಲೆ ಅಣ್ಣನನ್ನು.

“ಇಳಿಯೋ ಮಂಗ್ಯಾನ ಮಗನ.”

ಅಣ್ಣ ಇಳಿಯಲಿಲ್ಲ.

“ನನ್ನ ಮೊಮ್ಮಗನ ಹಣಿ ಒಡದೀ, ಈಗ ನನ್ನ ಜ್ವಾಳಾನೂ ಉಣಸಾಕತ್ತೀ. ನಿನ್ನ ಕೈ ಸೇದಿ ಹೋಗ್ಲಿ. ಇಳಿ, ರೊಟ್ಟಿ ತಿನ್ನು.”

“ನನಗ ಬ್ಯಾಡ ನಿಮ್ಮ ರೊಟ್ಟಿ.”

“ನಿನಗ ಬ್ಯಾಡಾದ್ರ ಬಿಡು. ಈ ಕೂಸು ಏನು ಮಾಡೈತಿ? ಬಾ ಎವ್ವಾ, ಅಳಬ್ಯಾಡ.” ಸೆರಗಿನಿಂದ ನನ್ನ ಮೂಗು ಒರೆಸಿ, ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ, ಖಾರ ಕೂಡಿಸಿ ಕುಟ್ಟಿದ ಹಿಂಡಿ, ಮೊಸರು ಹಾಕಿ ಕೈಗಿಟ್ಟಳು. ಒಂದು ಉಳ್ಳಾಗಡ್ಡಿ ಗುದ್ದಿ ಒಡೆದಳು. ಆ ವಾಸನೆಗೆ ಅಣ್ಣ ಎಷ್ಟು ಹೊತ್ತು ತಡೆದಾನು? ಬೆಳಗಿನಿಂದ ಹಸಿದಿದ್ದ. ಇಳಿದು ಬಂದು ಮುಖ ಅತ್ತ ತಿರುಗಿಸಿಕೊಂಡೇ ತಿಂದ. ಅವಳು ಬೈಯುತ್ತಲೇ ಮತ್ತೊಂದು ಹಾಕಿದಳು, ಅವನು ಗುರುಗುಟ್ಟುತ್ತಲೇ ಅದನ್ನೂ ತಿಂದ.

ತಿಂದು, ನೀರು ಕುಡಿದು, ಕೈಯನ್ನು ಧೋತರಕ್ಕೆ ಒರೆಸಿಕೊಂಡು ಮೇಲೆ ಹತ್ತಿದ. ಮತ್ತೆ ಹಲಗೆಯ ಮೇಲೆ ಕೂತ. ಒಂದು ಗಿಳಿ ಹಿಂಡು ತೆನೆಗೆ ಇಳಿಯಿತು. ಅಣ್ಣ ಎದ್ದು ನಿಂತು, ಥೂ ಎಂದು ಉಗುಳಿ, ಕವಣೆ ತಿರುಗಿಸಿದ. ಗುಂಯ್ ಎಂದಿತು. ಚಟ್ಟೆಂದಿತು. ಹಿಂಡು ಹಾರಿತು.

“ಯಾಕೋ ಅಣ್ಣಾ?”

“ಹೊಟ್ಯಾಗ ಅವರ ಜ್ವಾಳ ಐತಿ. ಹ್ಯಾಂಗ ಬಿಡಲಿ?” ಎಂದ, ನನ್ನ ಮೇಲೆಯೇ ಸಿಟ್ಟು ಮಾಡಿ.

ನಮ್ಮ ದಂಡೆಯಲ್ಲಿ ಸಿದ್ಯಾನೂ ಎದ್ದು ನಿಂತಿದ್ದ. ಅಲ್ಲಿ ನಮ್ಮ ಅವ್ವ ಅವನಿಗೆ ಏನು ಬೈದಳೋ, ಏನು ಉಣಿಸಿದಳೋ. ಅವನ ಕವಣೆಯೂ ತಿರುಗಿತು. ಅಲ್ಲಿಂದ ಇಬ್ಬರಿಗೂ ಹಟ. ಯಾರ ಕಾವಲಿನ ಹೊಲದಲ್ಲಿ ಒಂದು ಹಕ್ಕಿ ಕೂತರೂ ಎದುರಿನವನು ಊರಿಗೆಲ್ಲ ಕೇಳುವಂತೆ ಅಣಕಿಸುತ್ತಿದ್ದ. ಗೆಳೆಯರಾದರು ಎಂದು ತಿಳಿಯಬೇಡಿ. ಗಡ್ಡ ನೆರೆಯುವವರೆಗೂ ಇಬ್ಬರೂ ಬೈದಾಡಿಕೊಂಡೇ ಇದ್ದರು. ಆದರೆ ಆ ಸುಗ್ಗಿಯಲ್ಲಿ ಮತ್ತೊಂದು ಕಲ್ಲು ಮನುಷ್ಯರ ಮೇಲೆ ಬೀಳಲಿಲ್ಲ.

ಸೀತನಿ ದಿನ ಹವಾಲ್ದಾರ ತಾನೇ ಹಳ್ಳದ ಉಸುಕಿನಲ್ಲಿ ಸಗಣಿ ಕುಳ್ಳಿನ ಬೆಂಕಿ ಹಾಕಿಸಿದ. ಹಸಿ ತೆನೆ ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಮಾಡಿ, ಬೆಲ್ಲದ ಜೊತೆ ತಿನ್ನುವ ಆ ರುಚಿ ನಿಮಗೂ ಗೊತ್ತಿದ್ದೀತು. ಎರಡೂ ಓಣಿಯ ಮಕ್ಕಳು ಒಂದೇ ರಾಶಿಗೆ ಕೈ ಹಾಕಿದೆವು, ಮೊಣಕೈಯಿಂದ ತಿವಿದಾಡುತ್ತಲೇ. ಹಿರಿಯರು ದಂಡೆಯ ಮೇಲೆ ದೂರ ದೂರ ನಿಂತಿದ್ದರು. ಹವಾಲ್ದಾರ ಬಾಯಿತುಂಬ ಸೀತನಿ ಇಟ್ಟುಕೊಂಡು ಕೇಳಿದ:

“ಏನು ಗುರಪ್ಪ, ಬಸಣ್ಣನನ್ನು ಬಿಜಾಪುರಕ್ಕೆ ಕಳಿಸೋಣವೇ?”

ನಾನು ಅಗಿಯುವುದನ್ನು ನಿಲ್ಲಿಸಿದೆ. ಗುರಪ್ಪ ತನ್ನ ಹೊಲ ನೋಡಿದ. ತುಂಬಿದ ತೆನೆ ತಲೆ ಬಾಗಿಸಿತ್ತು. ಮೀಸೆ ತಿರುವಿದ.

“ಸುಗ್ಗಿ ಮುಗೀಲಿ ತಡೀರಿ. ಆಮ್ಯಾಲೆ ನೋಡೋಣು.”

ಮುಂದಿನ ವರ್ಷವೂ ಅವನು ಅದನ್ನೇ ಹೇಳಿದ, ಅದರ ಮುಂದಿನ ವರ್ಷವೂ. ಅಷ್ಟರಲ್ಲಿ ಹವಾಲ್ದಾರನಿಗೆ ವರ್ಗವಾಗಿತ್ತು. ಹೋಗುವಾಗ ಅಣ್ಣ ಅವನಿಗೆ ಒಂದು ಹೊಸ ಕವಣೆ ಹೆಣೆದುಕೊಟ್ಟ. “ನಿಮಗ ಬೀಸಾಕ ಬರಂಗಿಲ್ಲ, ಗ್ವಾಡಿಗೆ ತೂಗು ಹಾಕ್ರಿ,” ಎಂದ.

ಇದನ್ನೆಲ್ಲ ಸವಿತಾಗೆ ಹೇಳಿದೆ, ಮೊನ್ನೆ ರಜೆಗೆ ಬಂದಾಗ. ಅವಳು ಗದ್ದಕ್ಕೆ ಕೈ ಕೊಟ್ಟು ಕೂತಿದ್ದಳು. “ಅಜ್ಜಿ, ನನ್ನ ಕಡೆ ಹದಿಹರೆಯದ ಹುಡುಗರ ಎರಡು ಗುಂಪು ಅದಾವ. ಒಬ್ಬರನ್ನೊಬ್ಬರು ಕಂಡ್ರ ಹೊಡದಾಡತಾವ. ನನ್ನ ಕಂಡ್ರ ಓಡ್ತಾವ, ಇಲ್ಲಾ ಮೊಬೈಲ್ ತಗದು ವಿಡಿಯೋ ಮಾಡ್ತಾವ. ನಿಮ್ಮ ಕೈಯಾಗ ಕವಣಿ ಇತ್ತು, ಕಾಯಾಕ ಹೊಲ ಇತ್ತು. ಇವರ ಮೊಬೈಲ್ ಅದಲಾ ಬದಲಿ ಮಾಡಿದ್ರ ಏನು ಕಾಯ್ತಾವ ಹೇಳು?”

ನನ್ನಲ್ಲಿ ಇದ್ದದ್ದು ರೊಟ್ಟಿ. ಖಡಕ್ ರೊಟ್ಟಿಯ ಗಂಟು, ಡಬ್ಬಿಯಲ್ಲಿ ಶೇಂಗಾ ಹಿಂಡಿ ಕಟ್ಟಿಕೊಟ್ಟೆ. “ಬೈಯೂದು ಬೈ. ಆದ್ರ ಉಣಿಸಿ ಬೈ,” ಎಂದೆ.

ಈಗ ಹಳ್ಳದ ಎರಡೂ ದಂಡೆಗೆ ಕಬ್ಬು. ಕಬ್ಬಿಗೆ ಆ ಹಕ್ಕಿಗಳ ಹಿಂಡು ಇಳಿಯುವುದಿಲ್ಲ, ಮಂಚಿಗೆ ಬೇಕಿಲ್ಲ, ಒಬ್ಬರ ಹೊಲ ಇನ್ನೊಬ್ಬರ ಮಕ್ಕಳ ಕೈಯಲ್ಲಿಲ್ಲ. ಬಡಿದಾಟ ಹಾಗೆಯೇ ಉಳಿದಿದೆ. ವೈರಿಯ ಮಗನನ್ನು ಹಸಿದಿರಲು ಬಿಡದ ಮುದುಕಿಯರು ಹೋಗಿಬಿಟ್ಟರು. ಅಣ್ಣನೂ ಇಲ್ಲ, ಸಿದ್ಯಾನೂ ಇಲ್ಲ. ನಾನು ರೊಟ್ಟಿ ಬಡಿಯುವ ಜೋಳ ಕಿರಾಣಿ ಅಂಗಡಿಯದು.

ನಿನ್ನೆ ಸವಿತಾ ಫೋನ್ ಮಾಡಿದ್ದಳು. ನಗುತ್ತಿದ್ದಳು. “ಅಜ್ಜಿ, ಆ ಹುಡುಗರಾಗ ಒಬ್ಬಾಂವ ಇವತ್ತ ನನ್ನ ಕಂಡು ಓಡಿ ಹೋಗಲಿಲ್ಲ. ಎದುರು ಬಂದು ನಿಂತು ತಕರಾರು ಮಾಡಿದ.”

“ಏನಂತ?”

“‘ಮೇಡಂ, ಹಿಂಡ್ಯಾಗ ಖಾರ ಕಡಿಮಿ ಐತ್ರಿ’ ಅಂದ.”

ಫೋನ್ ಹಿಡಿದೇ ಕಣ್ಣು ಒರೆಸಿಕೊಂಡೆ. ಬೆಳಗ್ಗೆ ಎದ್ದವಳೇ ಶೇಂಗಾ ಹುರಿಯಲು ಕೂತಿದ್ದೇನೆ. ಈ ಸಲ ಖಾರ ಎರಡು ಹಿಡಿ ಜಾಸ್ತಿ. ತಿನ್ನಲಿ, ಮಂಗ್ಯಾನ ಮಗ.