ಕೆಂಚಿಯ ರಕ್ತ ಹೆಬ್ಬಾಳಕ್ಕೆ, ಅಣ್ಣನ ರಕ್ತ ಯಶವಂತಪುರಕ್ಕೆ

ಕಾಶಿಗೆ ಹೋಗಿ ಬಂದವರು ಬರೆಯುತ್ತಾರೆ, ಕಾಶ್ಮೀರಕ್ಕೆ ಹೋಗಿ ಬಂದವರು ಬರೆಯುತ್ತಾರೆ. ನಾನು ಹೋದದ್ದು ಅಟ್ಟೂರಿನಿಂದ ಯಶವಂತಪುರಕ್ಕೆ, ಅದೂ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ. ಬೆಳಿಗ್ಗೆ ಹೊರಟು ಸಂಜೆಗೆ ಮುಗಿದ ಪ್ರಯಾಣ. ಆದರೂ ನಾನು ಹೋದ ದಾರಿಗಳಲ್ಲೆಲ್ಲ ಆ ದಿನದ ದಾರಿಯೇ ನನಗೆ ಬಲು ದೂರದ್ದು.

ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಕೆಲಸ ಮುಗಿದ ವರ್ಷ. ಗೌರಿ ಹಬ್ಬ ಆಗಿ ವಾರ ಕಳೆದಿತ್ತು. ನನ್ನ ಗರ್ಭಕೋಶದಲ್ಲಿ ಗಡ್ಡೆ ಬೆಳೆದು, ಯಶವಂತಪುರದ ಒಂದು ಆಸ್ಪತ್ರೆಯಲ್ಲಿ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ‘ನಿಮ್ಮದು ಓ ನೆಗೆಟಿವ್, ಸುಲಭಕ್ಕೆ ಸಿಗಲ್ಲ. ಕೊಡೋರನ್ನ ನೀವೇ ಕರ್ಕೊಂಡ್ ಬನ್ನಿ’ ಅಂದಿದ್ದರು. ಮನೆಯವರದ್ದು ಬೇರೆ ಗುಂಪು. ನನ್ನ ಕಡೆ ಅದೇ ರಕ್ತ ಇದ್ದದ್ದು ಒಬ್ಬನಲ್ಲಿ ಮಾತ್ರ, ಜಕ್ಕೂರಿನ ನನ್ನ ಅಣ್ಣ ಪಿಳ್ಳಪ್ಪನಲ್ಲಿ. ಫೋನಿನಲ್ಲಿ ಹೇಳಿದ ಕೂಡಲೇ ಅವನು ಕುಣಿದಾಡಿಬಿಟ್ಟ. ‘ನನ್ ತಂಗಿಗೆ ನನ್ ರಕ್ತ ಕಣಮ್ಮ, ಬೇರೆಯೋರ್ದು ಯಾಕೆ?’ ಇದು ನನ್ನ ಆಪರೇಷನ್ನೋ ಅವನ ಮದುವೆಯೋ ಎಂದು ಅನುಮಾನ ಬರುವಷ್ಟು ಸಂಭ್ರಮ.

ಅಟ್ಟೂರಿನಲ್ಲಿ ಬಸ್ಸು ಹತ್ತಿದಾಗ ಸಣ್ಣಗೆ ಹನಿಯುತ್ತಿತ್ತು. ಯಲಹಂಕದಲ್ಲಿ ಬಸ್ಸು ಬದಲಿಸಿ ಜಕ್ಕೂರು ಕ್ರಾಸಿನಲ್ಲಿ ಇಳಿದೆ. ವಿಮಾನ ಕಲಿಸುವ ಮೈದಾನದಿಂದ ಒಂದು ಪುಟ್ಟ ವಿಮಾನ ಗುರ್ರೆಂದು ಮೇಲೆದ್ದಿತು. ಚಿಕ್ಕಂದಿನಲ್ಲಿ ಅದರ ಹಿಂದೆ ಕೆರೆ ಏರಿಯವರೆಗೆ ಓಡುತ್ತಿದ್ದೆವು. ಈಗ ಓಡಲು ಜಾಗವೆಲ್ಲಿ? ಎರಡೂ ಕಡೆ ಅಪಾರ್ಟ್‌ಮೆಂಟು. ಅವುಗಳ ಸಂದಿಯಲ್ಲಿ ನುಗ್ಗಿ ಹಳೇ ಊರು ಸೇರಿದರೆ ನಮ್ಮ ಮನೆ. ಹೊಲವೆಲ್ಲ ಲೇಔಟ್ ಆಗಿ, ಬಂದ ದುಡ್ಡಿನಲ್ಲಿ ಅಣ್ಣ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾನೆ. ಆದರೆ ಒಂದು ಸೈಟನ್ನು ಮಾತ್ರ ಖಾಲಿ ಬಿಟ್ಟು, ಶೀಟು ಹೊದಿಸಿ, ಅಲ್ಲಿ ಕೆಂಚಿಯನ್ನು ಕಟ್ಟಿಕೊಂಡಿದ್ದಾನೆ. ನಮ್ಮಮ್ಮ ಮದುವೆಯಾಗಿ ಬಂದಾಗ ಬಳುವಳಿಯಾಗಿ ಹೊಡೆದುಕೊಂಡು ಬಂದ ಹಸುವಿನ ತಳಿ ಅದು. ಬಿಲ್ಡರುಗಳು ಬಂದು ಆ ಸೈಟು ಕೇಳಿದರೆ, ‘ನಮ್ಮಮ್ಮ ಅಲ್ಲವಳೆ, ಅವಳನ್ನ ಕೇಳ್ಕೊಂಡು ಬನ್ನಿ’ ಎಂದು ಕೆಂಚಿಯ ಕಡೆ ಕೈ ತೋರಿಸುತ್ತಾನಂತೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೆಣ್ಣುಮಗಳು ತವರಿಗೆ ಬಂದರೆ ಒಳಗೆ ಕಾಲಿಡುವ ಮೊದಲು ಕೊಟ್ಟಿಗೆಗೆ ಹೋಗಬೇಕು. ಅಣ್ಣನೋ ತಮ್ಮನೋ ಅವಳ ಕಣ್ಣೆದುರೇ ಹಾಲು ಕರೆದು, ನೊರೆ ಇಳಿಯುವ ಮುಂಚೆ ಚೊಂಬನ್ನು ಕೈಗಿಡಬೇಕು. ಕಾಯಿಸಿದರೆ ಅದು ಅಂಗಡಿ ಹಾಲಾಯಿತು, ನೆಂಟರಿಗೆ ಕೊಡುವಂಥದ್ದು ಎನ್ನುತ್ತಿದ್ದಳು ನಮ್ಮಮ್ಮ. ಅವಳು ಹೋದ ಮೇಲೂ ಅಣ್ಣ ಅದನ್ನು ತಪ್ಪಿಸಿಲ್ಲ. ಅಟ್ಟೂರಿನಲ್ಲಿ ದಿನಾ ಪ್ಯಾಕೆಟ್ ಹಾಲು ಕತ್ತರಿಸುವಾಗ ನನಗೆ ಆ ಬಿಸಿ ನೊರೆಯ ನೆನಪಾಗುತ್ತದೆ. ಹತ್ತಿರದಲ್ಲೇ ಇದ್ದರೂ ತವರು ತವರೇ ತಾನೆ?

ಆ ಬೆಳಿಗ್ಗೆಯೂ ಚೊಂಬು ಬಂತು, ಗಟಗಟ ಕುಡಿದೆ. ತುಟಿ ಮೇಲೆ ನೊರೆ ಮೀಸೆ. ಅಣ್ಣ ನಕ್ಕ, ಆಮೇಲೆ ಗೋಡೆಗೆ ಒರಗಿ ಸೊಂಟ ಹಿಡಿದುಕೊಂಡ.

‘ಕೆಂಚಿ ತುಂಬು ಗಬ್ಬ ಆಗಿದ್ದಳಲ್ಲ, ಕರು ಎಲ್ಲೋ?’ ಎಂದು ಕೇಳಿದೆ.

‘ಕಂದು ಆಕ್ಬಿಡ್ತು ಕಣಮ್ಮ, ಓದ ತಿಂಗ್ಳು. ನಾನೇ ಎಳೆದು ತೆಗೆದು ತೆಂಗಿನ ಮರದ ಬುಡದಲ್ಲಿ ಊತಾಕ್ದೆ. ಅಬ್ಬದ ಟೈಮು, ನಿಂಗ್ಯಾಕೆ ಏಳೋದು ಅಂತ ಸುಮ್ಕಿದ್ದೆ.’

ಯಲಹಂಕದ ಸರ್ಕಾರಿ ದನದ ಡಾಕ್ಟರು ಬಂದು ಕೆಂಚಿಯ ರಕ್ತ ತೆಗೆದು ಹೆಬ್ಬಾಳಕ್ಕೆ ಕಳಿಸಿದ್ದಾರಂತೆ. ಹೇಗೂ ದಾರಿಯಲ್ಲೇ ಸಿಗುತ್ತದೆ, ಕೇಳಿಕೊಂಡು ಹೋಗೋಣ ಎಂದ. ಹೊರಡುವಾಗ ಅತ್ತಿಗೆ ನನ್ನನ್ನು ಬಾಗಿಲ ಮರೆಗೆ ಎಳೆದು ಪಿಸುಗುಟ್ಟಿದಳು: ‘ಸಾಯಂಕಾಲ ಆದ್ರೆ ಮೈ ಸುಡ್ತದೆ. ಬೆಳಗಾಗೋ ಅಷ್ಟ್ರಲ್ಲಿ ಬನೀನು ಇಂಡೋ ಅಂಗೆ ಬೆವರ್ತಾರೆ. ಡಾಕ್ಟ್ರತ್ರ ಓಗಿ ಅಂದ್ರೆ ನನ್ ಮೇಲೇ ರೇಗ್ತಾರೆ. ನೀವಾದ್ರೂ ಏಳಿ.’

ಬಸ್ಸಿನಲ್ಲಿ ಕೇಳಿದೆ. ‘ಅವಳ ಮಾತು ಬಿಡು, ತಲೆನೋವು ಬಂದ್ರೆ ತಿಥಿ ಮಾಡೋ ಪೈಕಿ’ ಎಂದು ತೇಲಿಸಿದ. ಕಿಟಕಿಯಿಂದ ಕೆಂಪಾಪುರದ ಕಡೆ ಕೈ ಮಾಡಿ, ಅಲ್ಲಿ ದನ ಮೇಯಿಸುತ್ತಿದ್ದ ದಿನಗಳ ಕತೆ ಶುರು ಮಾಡಿದ. ಮಾತು ಮರೆಸಲು ಅವನಿಗೆ ಇಂಥ ಕತೆಗಳು ಬೇಕಾದಷ್ಟಿವೆ.

ಹೆಬ್ಬಾಳದಲ್ಲಿ ಇಳಿದು ಫ್ಲೈಓವರಿನ ಅಡಿಯಿಂದ ರಸ್ತೆ ದಾಟುವುದಿದೆಯಲ್ಲ, ಅದು ಗಂಗೆ ದಾಟಿದ ಹಾಗೆ. ಜೀವ ಕೈಯಲ್ಲಿ ಹಿಡಿದು ದಾಟಿ, ದನಗಳ ರಕ್ತ ನೋಡುವ ಕಚೇರಿಗೆ ಹೋದೆವು. ಒಬ್ಬ ಡಾಕ್ಟರಮ್ಮ ಹೊರಗೆ ಬಂದು, ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತು ಮಾತಾಡಿದರು. ಆ ಸೌಜನ್ಯವನ್ನು ಮರೆಯಲಾರೆ.

‘ನಿಮ್ಮ ಹಸುಗೆ ಕಂದು ರೋಗ ಇದೆ. ಅದಕ್ಕೇ ಗರ್ಭ ನಿಲ್ಲಲಿಲ್ಲ. ಇದು ಮನುಷ್ಯರಿಗೂ ಬರತ್ತೆ. ಸತ್ತ ಕರು ತೆಗೆದೋರ್ಯಾರು? ಕೈಗೆ ಗ್ಲೌಸ್ ಹಾಕಿದ್ರಾ?’

‘ಬರೀ ಕೈ ಮೇಡಂ. ನಮ್ಮನೆ ಅಸು ಅಲ್ವಾ?’

‘ಹಾಲು ಕಾಯಿಸಿ ತಾನೆ ಕುಡಿಯೋದು?’

ನಾನು ಅಣ್ಣನ ಮುಖ ನೋಡಿದೆ, ಅಣ್ಣ ನನ್ನ ಮುಖ ನೋಡಿದ. ನನ್ನ ಕೈ ತಾನಾಗಿ ತುಟಿ ಒರೆಸಿಕೊಂಡಿತು. ಡಾಕ್ಟರಮ್ಮ ಅದನ್ನು ಕಂಡರು.

‘ಅಯ್ಯೋ, ಇವತ್ತೂ ಕುಡಿದ್ರಾ? ಜ್ವರ ಗಿರ ಬರ್ತಿದೆಯಾ ಯಾರಿಗಾದ್ರೂ?’

‘ಇಲ್ಲ ಮೇಡಂ’ ಎಂದ ಅಣ್ಣ, ಕೇಳಿ ಮುಗಿಸುವ ಮುಂಚೆಯೇ.

‘ಆದ್ರೂ ಇಬ್ಬರೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ನಾವು ದನದ್ದು ಮಾತ್ರ ನೋಡೋದು. ಮನುಷ್ಯರದ್ದು ಬೇರೆ ಇಲಾಖೆ.’

ಕೆಂಚಿಯ ಗತಿ ಏನು ಎಂದು ಕೇಳಿದೆ. ಬೇರೆ ಕಟ್ಟಬೇಕು, ಮಾರಬಾರದು, ಹಾಲು ಚೆನ್ನಾಗಿ ಕುದಿಸದೆ ಮುಟ್ಟಬಾರದು ಎಂದರು. ಕರುವಾಗಿದ್ದಾಗ ಒಂದು ಸೂಜಿ ಹಾಕಿಸಿದ್ದರೆ ಬರುತ್ತಿರಲಿಲ್ಲವಂತೆ. ಕಾಲುಬಾಯಿ ಜ್ವರದ ಸೂಜಿಗೆ ಮನೆ ಮನೆಗೆ ಬಂದವರು ಈ ಸೂಜಿಯ ಹೆಸರನ್ನೂ ಎತ್ತಿರಲಿಲ್ಲ ಎಂದ ಅಣ್ಣ. ‘ಸರ್ಕಾರದೋರು ಕರ್ಕೊಂಡೋಗಿ ನೋಡ್ಕೊಳ್ಳಲ್ವಾ?’ ಎಂದೂ ಕೇಳಿದ. ಅಂಥ ವ್ಯವಸ್ಥೆ ಇನ್ನೂ ಇಲ್ಲ ಎಂದು ಡಾಕ್ಟರಮ್ಮ ನೆಲ ನೋಡುತ್ತಾ ಹೇಳಿದರು. ಹಸುವಿಗೆ ರೋಗ ಇದೆಯೆಂದು ಕಂಡುಹಿಡಿಯುವ ತನಕ ಸರ್ಕಾರದ ಕೆಲಸ, ಅಲ್ಲಿಂದ ಮುಂದೆ ಪಿಳ್ಳಪ್ಪನ ಹಣೆಬರಹ.

ಅಲ್ಲಿಂದ ವರ್ತುಲ ರಸ್ತೆಯ ಬಸ್ಸು. ಭದ್ರಪ್ಪ ಲೇಔಟ್ ದಾಟಿತು. ಅಣ್ಣ ನನ್ನ ಕೈ ಹಿಡಿದು, ‘ಅಲ್ಲಿ ಓದ್ಮೇಲೆ ಈ ವಿಷ್ಯ ಎತ್ಬೇಡ. ಅಸುಗೆ ಬಂದ್ರೆ ನನಗೆ ಬರ್ಬೇಕು ಅಂತ ಐತಾ?’ ಎಂದ. ನಾನು ಕಿಟಕಿಯ ಕಡೆ ತಿರುಗಿದೆ. ಮತ್ತಿಕೆರೆಯ ಹೋಟೆಲಿನಲ್ಲಿ ಅವನು ಎರಡು ಪ್ಲೇಟು ಇಡ್ಲಿ ತಿಂದ. ಹೊಟ್ಟೆ ತುಂಬಿದ್ದರೆ ರಕ್ತ ಚೆನ್ನಾಗಿ ಬರುತ್ತದಂತೆ.

ಯಶವಂತಪುರದ ಬ್ಲಡ್ ಬ್ಯಾಂಕಿನಲ್ಲಿ ಒಬ್ಬ ಹುಡುಗಿ ಅಣ್ಣನನ್ನು ಪ್ರಶ್ನೆ ಕೇಳುತ್ತಾ ಹೋದಳು. ಕಾಮಾಲೆ ಆಗಿತ್ತಾ? ಮಲೇರಿಯಾ? ಹಚ್ಚೆ ಹಾಕಿಸ್ಕೊಂಡಿದ್ದೀರಾ? ಕುಡೀತೀರಾ? ಇತ್ತೀಚೆಗೆ ಜ್ವರ? ಎಲ್ಲಕ್ಕೂ ಅಣ್ಣ ಇಲ್ಲ, ಇಲ್ಲ ಎಂದ. ಹಸು ಸಾಕಿದ್ದೀರಾ ಎಂದು ಅವಳು ಕೇಳಲಿಲ್ಲ. ಕೇಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಣ್ಣ ಮಂಚದ ಮೇಲೆ ಮಲಗಿ, ಅಂಗಿಯ ತೋಳು ಮಡಚಿ, ನನ್ನ ಕಡೆ ನೋಡಿ ನಕ್ಕ. ಕೊಟ್ಟಿಗೆಯಲ್ಲಿ ಚೊಂಬು ಕೊಡುವಾಗಿನ ಅದೇ ನಗು.

‘ಸೂಜಿ ಚುಚ್ಚಬೇಡಿ’ ಎಂದೆ. ‘ಅವನಿಗೆ ದಿನಾ ಸಂಜೆ ಜ್ವರ ಬರುತ್ತೆ. ಮನೆ ಹಸುಗೆ ಕಂದು ರೋಗ. ಈಗ ತಾನೇ ಹೆಬ್ಬಾಳದಲ್ಲಿ ಹೇಳಿದರು.’

ಹುಡುಗಿ ಕಕ್ಕಾಬಿಕ್ಕಿಯಾಗಿ ಒಳಗಿನಿಂದ ಡಾಕ್ಟರನ್ನು ಕರೆತಂದಳು. ವಯಸ್ಸಾದವರು. ಅವರು ಎಲ್ಲ ಕೇಳಿ, ಅಣ್ಣನನ್ನು ಎಬ್ಬಿಸಿ ಕೂರಿಸಿದರು. ‘ದಾನ ಕೊಟ್ಟ ರಕ್ತದಲ್ಲಿ ನಾವು ನೋಡೋ ಕಾಯಿಲೆಗಳಲ್ಲಿ ಇದಿಲ್ಲಮ್ಮ. ನೀವು ಹೇಳದಿದ್ರೆ ನಮಗೆ ಗೊತ್ತಾಗ್ತಿರಲಿಲ್ಲ, ಇದು ಹೋಗಿ ನಿಮ್ಮ ಮೈಯಲ್ಲೇ ಸೇರ್ತಿತ್ತು’ ಎಂದರು. ಓ ನೆಗೆಟಿವ್ ಇರುವವರು ಮತ್ತಿಕೆರೆಯಲ್ಲಿ ಒಬ್ಬರಿದ್ದಾರೆ, ಫೋನು ಮಾಡಿ ಕರೆಸುತ್ತೇವೆ, ಮೊದಲು ನೀವಿಬ್ಬರೂ ಪರೀಕ್ಷೆ ಮಾಡಿಸಿ, ಆಪರೇಷನ್ ಸ್ವಲ್ಪ ಮುಂದೆ ಹೋಗಲಿ ಎಂದರು.

ಅಣ್ಣ ಹೊರಗಿನ ಮೆಟ್ಟಿಲ ಮೇಲೆ ಕುಸಿದು ಕೂತ. ಅವನು ಅತ್ತದ್ದನ್ನು ಅಮ್ಮ ಹೋದ ದಿನ ಬಿಟ್ಟರೆ ನಾನು ಕಂಡಿರಲಿಲ್ಲ.

‘ನನ್ ರಕ್ತ ಬ್ಯಾಡ್ವಾ ನಿಂಗೆ? ದುಡ್ಡು ಕೊಟ್ರೆ ಈಸ್ಕೊಳ್ಳಲ್ಲ, ಸೀರೆ ಕೊಟ್ರೆ ಬೀರುನಲ್ಲಿ ಮಡಗ್ತೀಯ. ನೀನು ಆಸೆ ಪಟ್ಟು ಈಸ್ಕೊಳ್ಳೋದು ಒಂದು ಚೊಂಬು ಆಲು. ಅದೂ ಓಯ್ತು, ಇದೂ ಓಯ್ತು. ಇನ್ನು ನೀನು ಜಕ್ಕೂರಿಗೆ ಯಾತಕ್ಕೆ ಬತ್ತೀಯ?’

‘ನಿನ್ನ ನೋಡೋಕೆ ಕಣೋ, ಪೆದ್ದ’ ಎಂದೆ. ನನಗೂ ಅಳು ಬಂತು. ಅಣ್ಣನ ರಕ್ತವೇ ನನಗೂ ಬೇಕಿತ್ತು. ಅದು ನನ್ನೊಳಗೆ ಹರಿಯುತ್ತದೆ ಎಂಬ ಒಂದೇ ಧೈರ್ಯದಲ್ಲಿ ಆಪರೇಷನ್‌ಗೆ ಒಪ್ಪಿದ್ದೆ.

ಪಕ್ಕದ ಕಟ್ಟಡದಲ್ಲಿ ಇಬ್ಬರೂ ರಕ್ತ ಕೊಟ್ಟೆವು, ಪರೀಕ್ಷೆಗೆ. ಅದರ ಫಲ ಇಲ್ಲೇ ಹೇಳಿಬಿಡುತ್ತೇನೆ: ಅಣ್ಣನಿಗೆ ರೋಗ ತಗುಲಿತ್ತು, ವಾರಗಟ್ಟಲೆ ಮಾತ್ರೆ ನುಂಗಿ ವಾಸಿಯಾದ. ನನಗೆ ಆಗಲೂ, ತಿಂಗಳು ಬಿಟ್ಟು ಮತ್ತೆ ನೋಡಿದಾಗಲೂ ಏನೂ ಇರಲಿಲ್ಲ. ನನ್ನ ಆಪರೇಷನ್‌ಗೆ ರಕ್ತ ಕೊಟ್ಟ ಮತ್ತಿಕೆರೆಯ ಆ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಅವರ ಮುಖವನ್ನೂ ನಾನು ನೋಡಲಿಲ್ಲ.

ಬಂದ ದಾರಿಯಲ್ಲೇ ವಾಪಸ್ಸು. ಹೆಬ್ಬಾಳದಲ್ಲಿ ಟ್ರಾಫಿಕ್ಕು ಕಟ್ಟಿಕೊಂಡು ಬಸ್ಸು ತೆವಳಿತು. ಜಕ್ಕೂರು ಕ್ರಾಸಿನಲ್ಲಿ ನಾನು ಇಳಿಯಬೇಕಾಗಿರಲಿಲ್ಲ, ನೇರ ಯಲಹಂಕಕ್ಕೆ ಹೋಗಬಹುದಿತ್ತು. ಇಳಿದೆ. ನಾವು ಹಳೇ ಊರು ಸೇರುವಾಗ ಕೆಂಚಿ ಹಾಲಿನ ಹೊತ್ತು ಮೀರಿ ಕೂಗುತ್ತಿದ್ದಳು. ಅಣ್ಣ ಹಾಲು ಕರೆದ. ಚೊಂಬಿನ ತುಂಬ ಬಿಳಿ ನೊರೆ ಎದ್ದು ನಿಂತಿತು. ಅಭ್ಯಾಸಬಲ, ನನ್ನ ಕೈ ಮುಂದೆ ಹೋಯಿತು. ಅಣ್ಣ ಚೊಂಬನ್ನು ಹಿಂದಕ್ಕೆ ಎಳೆದುಕೊಂಡು ಒಳಗೆ ಹೋಗಿಬಿಟ್ಟ.

ಅಡುಗೆಮನೆಯಲ್ಲಿ ಅತ್ತಿಗೆಯನ್ನು ಪಕ್ಕಕ್ಕೆ ಸರಿಸಿ ತಾನೇ ಒಲೆ ಹಚ್ಚಿದ. ಹಾಲು ಉಕ್ಕಿತು, ಇಳಿಸಲಿಲ್ಲ. ಉರಿ ತಗ್ಗಿಸಿ, ಮತ್ತೆ ಉಕ್ಕಿಸಿ, ಮತ್ತೆ ಕುದಿಸಿದ. ಆರಿದ ಮೇಲೆ ಲೋಟಕ್ಕೆ ಸುರಿದರೆ ಮೇಲೆ ಕೆನೆ ಕಟ್ಟಿದ ಸಪ್ಪೆ ಹಾಲು, ನೆಂಟರಿಗೆ ಕೊಡುವಂಥದ್ದು. ಅದನ್ನೇ ದಿಟ್ಟಿಸುತ್ತಾ ನಿಂತ. ಆಮೇಲೆ ಗೂಡಿನಿಂದ ಇನ್ನೊಂದು ಲೋಟ ತಂದು, ನೋಯುವ ಸೊಂಟವನ್ನು ನೆಟ್ಟಗೆ ಮಾಡಿ, ಒಂದು ಕೈ ತಲೆಯ ಮೇಲೆತ್ತಿ, ಒಂದು ಕೈ ಮೊಣಕಾಲಿಗೆ ಇಳಿಸಿ, ಲೋಟದಿಂದ ಲೋಟಕ್ಕೆ ಹಾಲು ಎತ್ತಿ ಹೊಯ್ಯತೊಡಗಿದ. ನೆಲದ ಮೇಲೆಲ್ಲ ಚೆಲ್ಲಿತು. ಅತ್ತಿಗೆ ಬೈದಳು. ಅವನು ನಿಲ್ಲಿಸಲಿಲ್ಲ. ನೊರೆ ಲೋಟದ ಕಂಠದವರೆಗೆ ಬರುವ ತನಕ ಹೊಯ್ದು, ಇಳಿಯುವ ಮುಂಚೆ ನನ್ನ ಕೈಗಿಟ್ಟ.

‘ಕುಡಿ ಬೇಗ’ ಎಂದ.

ಕುಡಿದೆ, ತಳದ ಕೆನೆಯ ಸಮೇತ. ಅಮ್ಮ ಕೊಡುತ್ತಿದ್ದ ರುಚಿ ಅದರಲ್ಲಿ ಇರಲಿಲ್ಲ, ಇನ್ನು ಮುಂದೆ ಇರುವುದೂ ಇಲ್ಲ.

ಕ್ರಾಸಿನವರೆಗೆ ಬಂದು ಬಸ್ಸು ಹತ್ತಿಸಿದ. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಅಣ್ಣ ದೀಪದ ಕಂಬದ ಕೆಳಗೆ ನಿಂತು, ತನ್ನ ತುಟಿಯ ಮೇಲೆ ಬೆರಳಾಡಿಸಿ ನನಗೆ ಏನೋ ಸನ್ನೆ ಮಾಡುತ್ತಿದ್ದ. ಅರ್ಥವಾಯಿತು. ನೊರೆ ಇನ್ನೂ ಅಂಟಿಕೊಂಡಿತ್ತು. ಯಲಹಂಕ ಬರುವವರೆಗೆ ನಾನು ಅದನ್ನು ಒರೆಸಿಕೊಳ್ಳಲಿಲ್ಲ.