ಮಾಸ್ತರರು ತಿಂದ ಹಂದಿ ಪಕ್ಕೆಲುಬು

ಸರ್ವೆ ಕೆಲಸಕ್ಕೆಂದು ಕುಂದಗೋಳಕ್ಕೆ ಹೋದಾಗ, ಮಹಡಿಯ ಮನೆ ಹಿಡಿಯುವ ಮೊದಲೇ ಮಾಲೀಕರಿಗೆ ನಾನು ಹಂದಿಮಾಂಸ ತಿನ್ನುತ್ತೇನೆಂದು ಹೇಳಿದ್ದೆ. ನಿವೃತ್ತ ಮಾಸ್ತರರು ಅವರು. "ನಿಮ್ಮ ಊಟ ನಿಮ್ಮದರಿ, ನಮಗೇನು" ಅಂದಿದ್ದರು.

ಒಂದು ಭಾನುವಾರ ಹುಬ್ಬಳ್ಳಿಯಿಂದ ಪಕ್ಕೆಲುಬು ತಂದು, ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅರೆದು ಹಚ್ಚಿ ಬೇಯಿಸಿದೆ. ಮೆತ್ತಗಾದ ಮೇಲೆ ಬೆಲ್ಲ, ಅನಾನಸ್ ಹೋಳು ಹಾಕಿ, ರಸ ಎಲುಬಿಗೆ ಅಂಟುವವರೆಗೆ ಬತ್ತಿಸಿದೆ. ಘಮಕ್ಕೆ ಮಾಸ್ತರರು ಮೇಲೆ ಹತ್ತಿ ಬಂದರು.

"ಏನ್ ಮಾಡೀರಿ? ಅಗದಿ ಚಲೋ ವಾಸನಿ ಬರಾಕತ್ತೇತಿ."

"ಹಂದಿ, ಸರ್."

ಅವರು ಮೆಟ್ಟಿಲ ಕಡೆ ಒಮ್ಮೆ ತಿರುಗಿ ನೋಡಿ, "ಬಾಗಲಾ ಹಾಕ್ರಿ" ಅಂದರು. ಕುಳಿತು, ಎರಡು ಸಲ ಹಾಕಿಸಿಕೊಂಡು, ಎಲುಬು ಚೀಪಿ ತಿಂದರು.

ಮರುದಿನ ಕಸದಲ್ಲಿ ಎಲುಬು, ಹಂದಿಮಾಂಸದ ಅಂಗಡಿಯ ಚೀಲ ಕಂಡ ಅವರ ಹೆಂಡತಿ ಬಾಗಿಲಿಗೆ ಬಂದರು.

"ನಮ್ಮ ಮನ್ಯಾಗ ಹಂದಿ ಬೇಯಿಸ್ತೀರಿ? ಮೊದಲ ಹೇಳಾಕ ಬರ್ತಿರಲಿಲ್ಲೇನ್ರಿ? ಈ ವಾರದಾಗ ಮನಿ ಖಾಲಿ ಮಾಡ್ರಿ."

ಅವರ ಹಿಂದೆ ನಿಂತಿದ್ದ ಮಾಸ್ತರರ ಮುಖ ನೋಡಿದೆ. "ನನಗೂ ಹೇಳಿಲ್ಲ ಇವರು" ಅಂದುಬಿಟ್ಟರು. ಸಿಟ್ಟಿನಲ್ಲಿ ಅವತ್ತೇ ಸಾಮಾನು ಕಟ್ಟತೊಡಗಿದೆ.

ಸಾಮಾನು ಗಾಡಿಗೆ ಹೇರುವ ದಿನ ಮಾಸ್ತರರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು. "ಆ ಅನಾನಸ್ ಯಾವಾಗ ಹಾಕಿದ್ರಿ?"

ಅವರ ಹೆಂಡತಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅವರಿಗೂ ಕೇಳುವಂತೆ ಹೇಳಿದೆ: "ಹಂದಿ ಮೆತ್ತಗಾದ ಮೇಲೆ, ಸರ್. ಎರಡನೇ ಸಲ ಹಾಕಿಸಿಕೊಂಡಾಗಲೇ ಕೇಳಿದ್ದರೆ ಆಗಲೇ ಹೇಳುತ್ತಿದ್ದೆ."

ಗಾಡಿ ಹೊರಟಿತು. ಆಮೇಲೆ ಆ ಮನೆಯಲ್ಲಿ ಏನಾಯಿತೋ ತಿಳಿಯದು. ಒಳ್ಳೆಯದಂತೂ ಆಗಿರಲಿಕ್ಕಿಲ್ಲವೆಂದು ಇನ್ನೂ ಆಸೆ ಇಟ್ಟುಕೊಂಡಿದ್ದೇನೆ.