ಎಂಟು ರೂಪಾಯಿ ಕಮ್ಮಿ

ಬೆಟಗೇರಿಯ ಒಂದು ಖಾಸಗಿ ಶಾಲೆ ತನ್ನ ಶತಮಾನೋತ್ಸವಕ್ಕೆ ತೊಂಬತ್ತೆಂಟರ ನೀಲಗಂಗವ್ವನನ್ನು ಕರೆದಿತ್ತು. ಮೊಮ್ಮಗಳು ಸ್ನೇಹಾ ಆಟೊ ತರುವಷ್ಟರಲ್ಲಿ ಮುದುಕಿ ಇಳಕಲ್ ಸೀರೆಯುಟ್ಟು ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದಳು. ಹಿಂದಿನ ರಾತ್ರಿ ಅವಳಿಗೆ ನಿದ್ದೆಯೇ ಹತ್ತಿರಲಿಲ್ಲ.

ನೇಕಾರರ ಮಗಳಾದ ಅವಳು ಬ್ರಿಟಿಷರ ಕಾಲದಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಅದೇ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದಳು.

ವೇದಿಕೆಯ ಮೇಲೆ ಸಂಸ್ಥೆಯ ಅಧ್ಯಕ್ಷ ದೇವೇಂದ್ರಪ್ಪ ಮಾತಾಡಿದರು. "ನಮ್ಮ ಸಂಸ್ಥಾದಾಗ ಮೊದಲಿಂದನೂ ಗಂಡು-ಹೆಣ್ಣು ಅಂತ ಭೇದ ಮಾಡಿಲ್ರಿ."

ಮೈಕು ನೀಲಗಂಗವ್ವನ ಕೈಗೆ ಬಂತು.

"ಅಧ್ಯಕ್ಷರು ಹೇಳಿದ್ದು ಖರೆ ಅಲ್ರಿ," ಅಂದಳು. "ಮೂರನೇ ಇಯತ್ತೆ ಕ್ಲಾಸು ಎರಡು ಇದ್ವು. ಒಂದು ನಂದು, ಒಂದು ಮಾಸ್ತರದು. ಅವರಿಗೆ ತಿಂಗಳಿಗೆ ಇಪ್ಪತ್ತೆಂಟು ರೂಪಾಯಿ ಪಗಾರ, ನನಗ ಇಪ್ಪತ್ತು. ಯಾಕ್ರಿ ಅಂದ್ರ, ಗಂಡಸರಿಗೆ ಸಂಸಾರ ಇರ್ತೈತಿ ಅಂದ್ರು. ನನ್ನ ಗಂಡ ಸತ್ತಿದ್ದ. ಅವ್ವ, ಇಬ್ಬರು ತಮ್ಮಂದಿರು ನನ್ನ ಪಗಾರದ ಮ್ಯಾಲೇ ಇದ್ರು. ನಾಕು ಅರ್ಜಿ ಬರದೆ. ಮೂರು ರೂಪಾಯಿ ಹೆಚ್ಚಿಗಿ ಕೊಟ್ಟು, ದೂರದ ಮುಂಡರಗಿಯೊಳಗಿನ ಸಂಸ್ಥಾದ ಶಾಲಿಗೆ ವರ್ಗಾ ಮಾಡಿದ್ರು."

ಹಿಂದಿನ ಸಾಲಿನಿಂದ ಚಪ್ಪಾಳೆ ಎದ್ದಿತು. ಎಪ್ಪತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದ ಮುದುಕಿಗೆ ಮೈ ಹಗುರಾಗಿ, ಕುಂತಲ್ಲಿ ಕೂರಲಾಗಲಿಲ್ಲ.

ಊಟದ ಹೊತ್ತಿಗೆ ಆ ಶಾಲೆಯ ಯುವ ಶಿಕ್ಷಕಿ ಐಶ್ವರ್ಯಾ ಅವಳ ಮಗ್ಗುಲಿಗೆ ಬಂದು ಕೂತಳು.

"ಅಕ್ಕೋರ, ನಾ ಇನ್ನೂ ಕಾಯಂ ಆಗಿಲ್ರಿ. ಕಾಯಂ ಆದವರು ಕಲಿಸಿದಷ್ಟ ತಾಸು ನಾನೂ ಕಲಸ್ತೀನಿ. ಅವರ ಪಗಾರದ ಕಾಲು ಭಾಗನೂ ನನಗ ಬರಂಗಿಲ್ಲ. ಅರ್ಜಿ ಹೆಂಗ ಬರೀಬೇಕ್ರಿ?"

ನೀಲಗಂಗವ್ವ ಹೋಳಿಗೆಯ ಎಲೆಯನ್ನು ಪಕ್ಕಕ್ಕೆ ಸರಿಸಿದಳು. "ಪೆನ್ನು ಐತೇನ?"

ಐಶ್ವರ್ಯಾ ಆಮಂತ್ರಣ ಪತ್ರಿಕೆಯ ಹಿಂಬದಿಗೆ 'ದಯಮಾಡಿ' ಎಂದು ಶುರು ಮಾಡಿದಳು. ಮುದುಕಿ ಅವಳ ಕೈ ಹಿಡಿದಳು.

"ಅದನ್ನ ಹೊಡದ ಹಾಕು. ಮೂರು ಅರ್ಜಿಯೊಳಗ ದಯಾ ಬೇಡಿ ನಾ ಕೆಟ್ಟೆ. ನಾಕನೇದ್ರಾಗ ಲೆಕ್ಕ ಬರದೆ, ಆಗ ಮೂರು ರೂಪಾಯಿ ಬಂತು. ವಾರಕ್ಕ ಎಷ್ಟು ತಾಸು, ಎಷ್ಟು ಮಕ್ಕಳು, ಅದನ್ನ ಮೊದಲ ಬರಿ. ಒಬ್ಬಾಕಿನ ಸಹಿ ಮಾಡಬ್ಯಾಡ, ನನ್ನಂಗ ಎತ್ತಿ ಒಗಿತಾರ."

ಐಶ್ವರ್ಯಾಳೂ ಸೇರಿ ಕಾಯಂ ಆಗದ ಐದು ಮಂದಿ ಶಿಕ್ಷಕರು ಸಹಿ ಮಾಡಿ ಅರ್ಜಿ ಕೊಟ್ಟರು. ಒಂಬತ್ತನೆಯ ದಿನ ಆಡಳಿತ ಮಂಡಳಿ ಅವರನ್ನು ಮಾತುಕತೆಗೆ ಕರೆಯಿತು.

"ಬಿಸಲ ಭಾಳ ಐತಿ, ನೀ ಹೋಗಬ್ಯಾಡ ಆಯಿ," ಎಂದು ಸ್ನೇಹಾ ಎಷ್ಟು ಹೇಳಿದರೂ ನೀಲಗಂಗವ್ವ ಕೇಳದೆ ಅವರ ಜೊತೆ ಹೋದಳು. ಸಭೆಯಲ್ಲಿ ದೇವೇಂದ್ರಪ್ಪನವರ ಎದುರಿನ ಕುರ್ಚಿಯಲ್ಲಿ ಕೂತು ಅವರ ಮುಖವನ್ನೇ ನೋಡಿದಳು. ಅವರು ಎರಡು ಸಲ ಬೆವರು ಒರೆಸಿಕೊಂಡರು. ಕಾಯಂ ಶಿಕ್ಷಕರ ಸಂಬಳದ ಅರ್ಧದಷ್ಟನ್ನು ಜೂನ್‌ನಿಂದ ನಿಮಗೂ ಕೊಡುತ್ತೇವೆ ಎಂದರು.

ಹೊರಗೆ ಬಂದ ಐಶ್ವರ್ಯಾ ಮುದುಕಿಯನ್ನು ಅಪ್ಪಿಕೊಂಡಳು.

"ಅರ್ಧಾ ಬಂತಲ್ರಿ, ಅಕ್ಕೋರ."

"ಉಳದರ್ಧ ಯಾವಾಗ ಅಂತ ನೀವು ಕೇಳಿದ್ರೇನ?" ಎಂದಳು ನೀಲಗಂಗವ್ವ. "ನಡೀರಿ, ಒಳಗ ಹೋಗಿ ಕೇಳೋಣ."